ಕಂಬದ ಮೇಲಿನ ತೆನೆ ಎಣಿಸಿದ ಪೊರ್ಬುಗಳು

ನಮ್ಮ ಸುಜಾತಳಿಗೆ ಕೆಲಸ ಸಿಕ್ಕಿತು. ಭತ್ತದ ಸಂಶೋಧನಾ ಕೇಂದ್ರದಲ್ಲಿ. ನಿನ್ನೆ ಹನ್ನೊಂದು ಗಂಟೆಗೆ ಪೋಸ್ಟಿನವನು ಕಾಗದ ತಂದ. ಅವಳು ಒಮ್ಮೆ ಓದಿದಳು, ನಾನು ಇನ್ನೊಮ್ಮೆ ಓದಿಸಿದೆ, ಮಗ ಗದ್ದೆಯಿಂದ ಬಂದ ಮೇಲೆ ಮತ್ತೂ ಒಮ್ಮೆ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ಹೊಸ ಭತ್ತದ ತಳಿ ಹುಡುಕುವ ಕೆಲಸಕ್ಕೆ ಹೋಗುತ್ತಾಳೆ ಎಂದರೆ ಈ ಸಂತೋಷವನ್ನು ಇಡುವುದೆಲ್ಲಿ? ಪಾಯಸಕ್ಕೆ ಬೆಲ್ಲ ತರುತ್ತೇನೆಂದು ಬೆಳ್ಮಣ್ ಪೇಟೆಗೆ ಹೊರಟವಳು, ಸಿಕ್ಕಿದವರಿಗೆಲ್ಲ ಸುದ್ದಿ ಹೇಳಿ ಹೇಳಿ, ಬೆಲ್ಲ ಮರೆತು ಬರಿಗೈಯಲ್ಲಿ ಬಂದೆ.

ಹೇಳಲೇಬೇಕಾದವರು ಒಬ್ಬರಿದ್ದರು. ಅವರಿಗೆ ಹೇಳುವ ದಾರಿ ಇಲ್ಲ. ಲಾರೆನ್ಸ್ ಪೊರ್ಬುಗಳು ತೀರಿಕೊಂಡು ಎರಡು ವರ್ಷ ಆಯಿತು.

ಕ್ರಿಸ್ತುವರ ಗಂಡಸರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತೇವೆ. ಇವರು ಅದೇ ಕೇಂದ್ರದಲ್ಲಿ ಗದ್ದೆ ತಿರುಗುವ ಕೆಲಸದಲ್ಲಿದ್ದವರು. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ತೆನೆಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಾಳು ಎಣಿಸುತ್ತಿರುವುದು. ನಮ್ಮೊಡನೆ ಮಾತು ತುಳುವಿನಲ್ಲಿ, ಆಫೀಸರರೊಡನೆ ಇಂಗ್ಲಿಷಿನಲ್ಲಿ, ಪುಸ್ತಕದಲ್ಲಿ ಬರೆಯುವುದು ಕನ್ನಡ. ಎಣಿಸುವುದು ಮಾತ್ರ ಅವರ ಮನೆಮಾತು ಕೊಂಕಣಿಯಲ್ಲಿ. "ಧಾ, ಇಕ್ರಾ, ಬಾರಾ" ಎಂದು ತುಟಿ ಅಲ್ಲಾಡುತ್ತಿತ್ತು. ನಡುವೆ ಯಾರಾದರೂ ಮಾತನಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು, ಬಸ್ಸು ನಿಲ್ಲಿಸಿದ ಹಾಗೆ. ನಮ್ಮ ಅತ್ತೆ ತಮಾಷೆ ಮಾಡುತ್ತಿದ್ದರು: "ಇವರ ದೇವರು ಇವರಲ್ಲಿ ಭತ್ತದ ಲೆಕ್ಕವನ್ನೇ ಕೇಳುವುದು ಅಂತ ಕಾಣುತ್ತದೆ."

ಅವರು ಮೊದಲು ಬಂದದ್ದು ಬಿಳಿ ಅಕ್ಕಿಯ ಗಿಡ್ಡ ಭತ್ತ ಹಿಡಿದುಕೊಂಡು. ಎಲ್ಲೋ ಸಮುದ್ರದಾಚೆಯ ದ್ವೀಪದ ದೇಶದಲ್ಲಿ, ಹಸಿದ ದೇಶಗಳಿಗಾಗಿ ಅಂತಲೇ ಮಾಡಿದ ತಳಿಯಂತೆ. ಅದು ಎಪ್ಪತ್ತರ ಆಚೀಚೆಯ ಕಾಲ. ಮಳೆಗಾಲದ ನಡುವಿನ ಆಟಿ ತಿಂಗಳು ಬಂದರೆ ನಮ್ಮಲ್ಲಿ ಹೆಚ್ಚಿನ ಮನೆಗಳ ಅಕ್ಕಿ ಮುಗಿಯುತ್ತಿತ್ತು. ಕೆಸುವಿನ ಎಲೆ, ಹಲಸಿನ ಬೀಜ, ತಿಳಿ ಗಂಜಿ, ಇಷ್ಟರಲ್ಲಿ ದಿನ ದೂಡಬೇಕು. ಬಿಳಿ ಭತ್ತ ಫಸಲು ಕೊಟ್ಟದ್ದು ಸುಳ್ಳಲ್ಲ. ಆದರೆ ಅತ್ತೆ ಒಪ್ಪಲಿಲ್ಲ. ಒಂದು ದಿನ ಪೊರ್ಬುಗಳನ್ನು ಜಗಲಿಯಲ್ಲಿ ಕೂರಿಸಿ ಅದೇ ಅಕ್ಕಿಯ ಗಂಜಿ ಬಡಿಸಿದರು.

"ಉಂಡಿರಲ್ಲ? ಈಗ ನಮ್ಮೊಟ್ಟಿಗೆ ನೇಜಿ ನೆಡಲಿಕ್ಕೆ ಬನ್ನಿ."

ಪಾಪ, ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಹನ್ನೊಂದು ಗಂಟೆಗೆ ಮುಖ ಬಾಡಿ ಬಸಳೆ ಎಲೆಯಂತಾಯಿತು. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದರು, "ಎಂತ, ಹೊಟ್ಟೆಯಲ್ಲಿ ಎಂತ ಉಂಟು ಈಗ?"

"ಏನೂ ಇಲ್ಲ ಅಮ್ಮ," ಎಂದರು. ಅಲ್ಲೇ ಕೈ ತೊಳೆದುಕೊಂಡು ಪುಸ್ತಕ ತೆಗೆದು ಬರೆದರು: ಗಂಜಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಆಫೀಸರರು ಅದನ್ನು ಓದಿ ನಕ್ಕು, ಇದು ಯಾವ ಕಾಲಮ್ಮಿಗೆ ಬರುತ್ತದೆ ಎಂದು ಕೇಳಿದರಂತೆ. "ಹೊಟ್ಟೆಗೊಂದು ಕಾಲಂ ಹಾಕಬೇಕು ಸರ್" ಎಂದರಂತೆ ಇವರು. ಆ ದಿನದ ಮೇಲೆ ನಮ್ಮಲ್ಲಿ ಒಂದು ಲೋಟ ಕಾಫಿ ಕೂಡ ಕುಡಿದದ್ದಿಲ್ಲ. ಕೇಳಿದರೆ, "ನಿಮ್ಮದು ಪರೀಕ್ಷೆಯ ಗದ್ದೆ ಅಕ್ಕ. ಮಾಸ್ತರರು ಮಕ್ಕಳ ಮನೆಯಲ್ಲಿ ಉಂಡರೆ ಮಾರ್ಕು ಸರಿಯಾಗಿ ಬರುವುದಿಲ್ಲ" ಎನ್ನುತ್ತಿದ್ದರು.

ಎರಡು ವರ್ಷ ಕಳೆದು ಬೇರೆ ಬೀಜ ತಂದರು. ಆ ಗಿಡ್ಡ ತಳಿಯನ್ನು ನಮ್ಮ ಊರಿನ ಕೆಂಪು ಭತ್ತದೊಟ್ಟಿಗೆ ಕೂಡಿಸಿದ್ದು. ಮೂರು ಊರುಗಳಲ್ಲಿ ಪರೀಕ್ಷೆಗೆ ನೆಟ್ಟಿದ್ದರು. ಹೂಡೆಯ ಗದ್ದೆಗೆ ಉಪ್ಪುನೀರು ನುಗ್ಗಿತು. ಕಾಪುವಿನದು ನೆರೆಯಲ್ಲಿ ಹೋಯಿತು. ಉಳಿದದ್ದು ನಮ್ಮ ಗದ್ದೆಯ ತುಂಡು ಒಂದೇ. "ಇದೂ ಹೋದರೆ ಈ ತಳಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ ಅಕ್ಕ. ಮತ್ತೆ ಬೀಜವೂ ಇಲ್ಲ, ಮಾತೂ ಇಲ್ಲ" ಎಂದಿದ್ದರು. ನನಗೋ ಆ ಗದ್ದೆಯನ್ನು ನೋಡಿದಷ್ಟು ಸಾಲದು. ಕೆಂಪಗೆ, ಒತ್ತಾಗಿ, ತಲೆಬಾಗಿ ನಿಂತಿತ್ತು. ಇದು ನಮ್ಮದಾದರೆ ಆಟಿಯಲ್ಲಿ ಮಕ್ಕಳಿಗೆ ಗಂಜಿಯ ತಿಳಿ ಕೊಡುವುದು ತಪ್ಪುತ್ತದೆ ಎಂದು ದಿನಕ್ಕೆರಡು ಸಲ ಹುಣಿಯ ಮೇಲೆ ಹೋಗಿ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ತೆನೆ ಕಟ್ಟುವ ದಿನ ಬಂತು. ಹೊಸ ತೆನೆಯನ್ನು ಮನೆತುಂಬಿಸಿ ಕಂಬಕ್ಕೆ, ಹುಲ್ಲಿನಲ್ಲಿ ಬಿಗಿದ ಅಕ್ಕಿಯ ಮುಡಿಗೆ, ನೇಗಿಲಿಗೆ ಕಟ್ಟುವುದು. ನಮ್ಮ ಬೈಲಿನಲ್ಲಿ ಆ ದಿನ ತೆನೆಯನ್ನು ಯಾರ ಗದ್ದೆಯಿಂದಲೂ ಕೊಯ್ಯಬಹುದು, ಕೇಳುವ ಕ್ರಮ ಇಲ್ಲ. ಬೆಳಗಾಗುವಾಗ ಹೋಗಿ ನೋಡುತ್ತೇನೆ, ಪರೀಕ್ಷೆಯ ತುಂಡಿನ ಒಂದು ಮೂಲೆ ಬೋಳು. ಬೈಲಿನಲ್ಲೆಲ್ಲ ಚೆಂದದ ತೆನೆ ಅದೊಂದೇ ಇದ್ದದ್ದು. ದೇವರಿಗೆ ಚೆಂದದ್ದನ್ನೇ ಅಲ್ಲವೇ ಕೊಡುವುದು? ಹನ್ನೊಂದು ಮನೆಯವರು ಕೊಯ್ದಿದ್ದರು. ಮೊದಲು ಕೊಯ್ದದ್ದು ನಮ್ಮ ಅತ್ತೆಯೇ.

ಪೊರ್ಬುಗಳು ಸೈಕಲ್ಲಿನಲ್ಲಿ ಬಂದರು. ಹುಣಿಯ ಮೇಲೆ ಕುಳಿತರು. ಬಹಳ ಹೊತ್ತು ಏನೂ ಎಣಿಸಲಿಲ್ಲ. ನನಗೆ ಅಳು ಬಂತು.

"ಬಿಚ್ಚಿ ತರಲಾ ಪೊರ್ಬುಗಳೇ? ಅತ್ತೆಗೆ ನಾನು ಹೇಳುತ್ತೇನೆ."

"ಬೇಡ. ನಮ್ಮ ಇಗರ್ಜಿಯಲ್ಲೂ ಹೊಸ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ. ಅದನ್ನು ಬಿಚ್ಚಿ ಎಂದು ಹೇಳುವ ಬಾಯಿ ನನಗಿಲ್ಲ ಅಕ್ಕ." ಪ್ಯಾಂಟಿನ ಮಣ್ಣು ಕೊಡವಿ ಎದ್ದರು. "ಆ ಮೂಲೆಯ ಕಾಳಿನ ಲೆಕ್ಕ ತಪ್ಪಿದರೆ ಪರೀಕ್ಷೆಯೇ ಹೋಯಿತು. ನಿಮ್ಮಲ್ಲಿ ಏಣಿ ಉಂಟಾ?"

ಹನ್ನೊಂದು ಮನೆಗೂ ಹೋದೆವು. ನಾನು ಏಣಿ ಹಿಡಿಯುವುದು, ಅವರು ಚಪ್ಪಲಿ ಕಳಚಿಟ್ಟು ಹತ್ತುವುದು. ಕಟ್ಟಿದ ತೆನೆಯನ್ನು ಬಿಚ್ಚದೆ, ಒಂದು ಕಾಳೂ ಉದುರದ ಹಾಗೆ, ಕಂಬದ ಮೇಲೆಯೇ ಎಣಿಸಿದರು. ಗುರುವಣ್ಣನ ಮನೆಯಲ್ಲಿ ಮಾತ್ರ ತಕರಾರು. ಗುರುವಣ್ಣ ನಾಚಿಕೆಗೆ ಸುಳ್ಳು ಹೇಳಿದ, "ನಮ್ಮದು ನಮ್ಮದೇ ಗದ್ದೆಯ ತೆನೆ."

ಪೊರ್ಬುಗಳು ಏಣಿಯ ಮೇಲಿನಿಂದಲೇ ಮೆಲ್ಲಗೆ ಕೇಳಿದರು: "ನಿಮ್ಮ ಗದ್ದೆಯ ಭತ್ತಕ್ಕೆ ಕಾಳಿನ ತುದಿಯಲ್ಲಿ ಉದ್ದ ಮೀಸೆ ಉಂಟಲ್ಲ ಅಣ್ಣ. ಇದಕ್ಕೆ ಇಲ್ಲ. ಹಬ್ಬಕ್ಕೆ ಅಂತ ಬೋಳಿಸಿಕೊಂಡಿತಾ?"

ಗುರುವಣ್ಣನ ಹೆಂಡತಿ ಒಳಗಿನಿಂದಲೇ ನಕ್ಕುಬಿಟ್ಟಳು. "ಎಣಿಸಿ ಮಾರಾಯ್ರೆ, ಎಣಿಸಿ. ಇವರ ಮೀಸೆಯನ್ನೂ ಬರೆದುಕೊಳ್ಳಿ."

ಹದಿನೈದು ದಿನ ಕಳೆದು ಆಫೀಸರರು ಕಟಾವಿಗೆ ಬಂದರು. ಪುಸ್ತಕ ಓದಿ, ಕಂಬದ ಮೇಲೆ ಎಣಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಪೊರ್ಬುಗಳು ವಾದಿಸಲಿಲ್ಲ. "ಒಂದು ಮನೆಗಾದರೂ ಬನ್ನಿ ಸರ್" ಎಂದು ಕೈಮುಗಿದರು. ನಮ್ಮ ಮನೆಗೇ ಕರೆತಂದರು. ಆಫೀಸರರು ಬೂಟು ಕಳಚಿ ಏಣಿ ಹತ್ತಿ ತಾವೇ ಎಣಿಸಿದರು. ಪುಸ್ತಕ ನೋಡಿದರು. ಇನ್ನೊಮ್ಮೆ ಎಣಿಸಿದರು. ಇಳಿದು ಬಂದು ಪುಸ್ತಕಕ್ಕೆ ಸಹಿ ಹಾಕಿದರು. ಕೆಳಗೆ ನಿಂತಿದ್ದ ಪೊರ್ಬುಗಳು ಮುಖ ತಿರುಗಿಸಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಆ ಬೀಜ ಉಳಿಯಿತು. ನಮಗೂ ಸಿಕ್ಕಿತು, ಊರಿಗೂ ಸಿಕ್ಕಿತು. ಮತ್ತೆ ಪೊರ್ಬುಗಳಿಗೆ ಬೇರೆ ಕಡೆಗೆ ವರ್ಗ ಆಯಿತು. ಸೈಕಲ್ಲಿನ ಬೆಲ್ಲು ಕೇಳಿದರೆ ಎಷ್ಟೋ ವರ್ಷ ನಾನು ಅಂಗಳಕ್ಕೆ ಬಂದು ನೋಡಿದ್ದುಂಟು.

ಕಡೆಯ ಸಲ ಕಂಡದ್ದು ಕಾರ್ಕಳದ ಬಸ್ ನಿಲ್ದಾಣದಲ್ಲಿ. ರಿಟೈರ್ ಆಗಿ ಕಾಪುವಿನ ಹತ್ತಿರ ತಂಗಿಯ ಮನೆಯಲ್ಲಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ನನ್ನ ದನಿಯಿಂದಲೇ ಗುರುತು ಹಿಡಿದರು. ಸೌಖ್ಯವಾ ಎಂದು ಕೇಳಲಿಲ್ಲ. "ಅಕ್ಕ, ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಉಂಟಾ?" ಎಂದು ಕೇಳಿದರು.

"ಉಂಟು. ಎರಡು ಮುಡಿ ಬಿಚ್ಚದೆ ಇದೆ. ಈಗ ನಿಮಗೆ ನೌಕರಿ ಇಲ್ಲವಲ್ಲ, ಇನ್ನಾದರೂ ಬಂದು ನಮ್ಮಲ್ಲಿ ಒಂದು ಊಟ ಮಾಡಿ."

"ಬರುತ್ತೇನೆ. ಕಣ್ಣಿನ ಆಪರೇಷನ್ ಆಗಲಿ, ಕಾಣುವಾಗ ಬರುತ್ತೇನೆ. ನೋಡಿಕೊಂಡು ಉಣ್ಣಬೇಕು ನನಗೆ."

ಕಾಪುವಿನ ಬಸ್ಸು ಬಂತು. ಹತ್ತಿಸಿದೆ. ನಾನು ಕಾದೆ. ಬರಲಿಲ್ಲ. ಮುಂದಿನ ಮಳೆಗಾಲ ಮುಗಿದ ಮೇಲೆ ಯಾರೋ ಹೇಳಿದರು, ತೀರಿಕೊಂಡು ತಿಂಗಳಾಯಿತೆಂದು. ಮುಖ ನೋಡಲಿಕ್ಕೂ ಸಿಗಲಿಲ್ಲ. ಆ ಬಿಳಿ ಗಂಜಿ ಬಿಟ್ಟರೆ ಅವರಿಗೆ ಒಂದು ತುತ್ತೂ ಕೊಡಲಾಗಲಿಲ್ಲ.

ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಪತ್ರೊಡೆ, ಒಣ ಸಿಗಡಿಯ ಚಟ್ನಿ, ಹಲಸಿನ ಬೀಜದ ಪಲ್ಯ. ನಾನು ಈ ಕತೆಯನ್ನೆಲ್ಲ ಹೇಳಿದೆ. ಸುಜಾತ ಅರ್ಧ ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು. "ತಳಿಗೆ ನಂಬರ್ ಇರುತ್ತದೆ ಅಜ್ಜಿ. ಗದ್ದೆ ತಿರುಗಿದವರ ಹೆಸರು ಎಲ್ಲೂ ಬರೆಯುವುದಿಲ್ಲ."

"ಹಾಗಾದರೆ ನಾನು ಬರೆಯುತ್ತೇನೆ," ಎಂದೆ.

"ನಿನ್ನ ಅಕ್ಷರ ಓದಲಿಕ್ಕೆ ಇನ್ನೊಂದು ಸಂಶೋಧನಾ ಕೇಂದ್ರ ಬೇಕು ಅಮ್ಮ," ಎಂದ ನನ್ನ ಮಗ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿನ್ನೆ ಆಟಿಯ ಹದಿನೆಂಟನೆಯ ದಿನ. ಅತ್ತೆಯ ಕಾಲದಲ್ಲಿ ಈ ತಿಂಗಳು ಬಡಿಸಲು ನಿಂತರೆ, ಪ್ರತಿ ಸೌಟಿಗೂ ಒಮ್ಮೆ ಪಾತ್ರೆಯ ತಳ ನೋಡಿ, ಇನ್ನೆಷ್ಟು ಜನ ಇದ್ದಾರೆಂದು ನೋಡಿ, ಮತ್ತೆ ಕೈ ಮುಂದೆ ಮಾಡುತ್ತಿದ್ದೆವು. ಮಗ ಮೂರನೆಯ ಸಲ ಅನ್ನ ಕೇಳಿದ. ಸೊಸೆ ಸುಜಾತಳೊಡನೆ ಏನೋ ಮಾತನಾಡುತ್ತಿದ್ದಳು. ಮಾತು ನಿಲ್ಲಿಸದೆ, ಪಾತ್ರೆಯತ್ತ ನೋಡದೆ, ಸೌಟು ತುಂಬಿಸಿ ಬಡಿಸಿದಳು.