ಕಂಪೌಂಡರು ಕುದಿಸಿಟ್ಟ ಕೊಳವೆ

ಕಾರ್ಬೋಲಿಕ್ ನೀರಿನಲ್ಲಿ ನೆನೆದೂ ನೆನೆದೂ ಅವರ ಬೆರಳ ತುದಿಗಳು ಬಿಳುಚಿ ಸೀಳಿಕೊಂಡಿದ್ದವು. ಶಿರಸಿಯ ದವಾಖಾನೆಯ ಕಂಪೌಂಡರು ಅವರು, ಹಾವೇರಿ ಕಡೆಯವರು. ಅಂಗಳಕ್ಕೆ ಬಂದವರೇ "ಬಿಸಿನೀರು ತರ್ರಿ" ಎಂದು ಕೂಗಿದರೆ ನನಗೆ ಹೋದ ಜೀವ ಬಂದಂತಾಗುತ್ತಿತ್ತು.

ಅಪ್ಪಯ್ಯನಿಗೆ ಮೂತ್ರ ಕಟ್ಟಿತ್ತು. ಕಂಪೌಂಡರು ಕೆಂಪು ರಬ್ಬರಿನ ಕೊಳವೆ ಹಾಕಿ ದಾರ ಬಿಗಿದಿದ್ದರು. ಮೂರು ದಿನಕ್ಕೊಮ್ಮೆ ಬದಲಿಸಬೇಕು. ಇನ್ನೊಂದು ಕೊಳವೆಯನ್ನು ಹಿಂದಿನ ಸಂಜೆಯೇ ನಮ್ಮ ಬಚ್ಚಲೊಲೆಯಲ್ಲಿ ಕುದಿಸಿಟ್ಟು, "ಮುಚ್ಚಳಾ ಯಾರೂ ತೆಗೀಬ್ಯಾಡ್ರಿ" ಎಂದು ಹೋಗುತ್ತಿದ್ದರು.

ನಾನು ತೆಗೆದೆ. ಪಾತ್ರೆ ದವಾಖಾನೆಯದು, ಯಾರ್ಯಾರ ಮನೆ ಸುತ್ತಿ ಬಂದದ್ದೋ, ಮೈಲಿಗೆಯಲ್ಲವೇ? ಬೆಳಿಗ್ಗೆ ಮಿಂದು, ಮಡಿಯುಟ್ಟು, ಬಾವಿಯಿಂದ ಹೊಸ ನೀರು ಸೇದಿ ಕೊಳವೆ ತೊಳೆದೆ. ಮಡಿಸೀರೆಯ ಸೆರಗಿನಲ್ಲೇ ಒರೆಸಿ ಮತ್ತೆ ಮುಚ್ಚಿಟ್ಟೆ. ಪುಣ್ಯ ಕಟ್ಟಿಕೊಂಡೆ ಅಂದುಕೊಂಡಿದ್ದೆ, ದಡ್ಡಿ! ಕಂಪೌಂಡರು ಬಂದು ಅದನ್ನೇ ಹಾಕಿದರು.

ಮೂರನೆಯ ದಿನ ಅಪ್ಪಯ್ಯ ನಡುಗತೊಡಗಿದ. ನಾಲ್ಕು ಕಂಬಳಿ ಹೊದೆಸಿದರೂ ಹಲ್ಲು ಕಟಕಟ. ಕಂಪೌಂಡರು ಕೊಳವೆ ಎಳೆದು, ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆಲ್ಲ ಲೋಳೆ.

"ಹುಳಾ ಕಣ್ಣಿಗೆ ಕಾಣಂಗಿಲ್ಲ ತಂಗಿ. ಒಮ್ಮೆ ಅಂಟಿದ್ವು ಅಂದ್ರ ಲೋಳಿ ಕಟ್ಕೊಂಡು ಅದರಾಗ ಕುಂದರ್ತಾವ. ಬಚ್ಚಲ ಕಲ್ಲಿಗೆ ಬರೇ ನೀರು ಹಾಕಿದ್ರ ಜಾರೂದು ಬಿಡತೈತೇನು? ಕಲ್ಲಾದ್ರ ತಿಕ್ಕಬಹುದು. ಇದರೊಳಗ ಬೆರಳು ಹೋಗಂಗಿಲ್ಲ."

"ಆನೇ ಮುಚ್ಚಳ ತೆಗೆದು ತೊಳ್ದಿ" ಎಂದು ನನ್ನ ತಪ್ಪನ್ನು ಅವರಿಗೆ ಮೆಲ್ಲಗೆ ಒಪ್ಪಿಕೊಂಡೆ.

ಅಷ್ಟರಲ್ಲಿ ಆಯಿ, ನನ್ನಮ್ಮ, ಒಳಗಿಂದ ಓಡಿ ಬಂದಳು. "ಎಂತಾತು? ಯಾರ ತಪ್ಪು ಇದು?"

"ನಂದ ತಪ್ಪರೀ ಅವ್ವಾರ" ಎಂದರು ಕಂಪೌಂಡರು. "ಕುದಿಸೂದು ಕಡಿಮಿ ಆತು."

ಆಯಿ ಬಾಯಿಗೆ ಬಂದಂತೆ ಬೈದಳು. ಅವರು ತಲೆ ಬಗ್ಗಿಸಿ ಒಲೆ ಊದಿದರು. ಆಯಿ ಅತ್ತ ಹೋದ ಮೇಲೆ ನನಗಷ್ಟೇ ಕೇಳುವಂತೆ ಹೇಳಿದರು: "ನಿಮ್ಮಪ್ಪ ಉಳೀತಾರೋ ಇಲ್ಲೋ, ನನಗ ಗೊತ್ತಿಲ್ಲ. ಉಳೀಲಿಲ್ಲ ಅಂದ್ರ ನೀ ಈ ಮನ್ಯಾಗ ಹೆಂಗ ಇರ್ತಿ?"

ಒಂಬತ್ತು ದಿನ ಅಪ್ಪಯ್ಯನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಕಂಪೌಂಡರು ದಿನಕ್ಕೆರಡು ಸಲ ಬಂದರು. ಆಯಿ ಅವರಿಗೆ ಒಂದು ಲೋಟ ನೀರೂ ಕೊಡಲಿಲ್ಲ. ಹತ್ತನೆಯ ದಿನ ಜ್ವರ ಬಿಟ್ಟು ಅಪ್ಪಯ್ಯ ಗಂಜಿ ಕೇಳಿದ.

ಆದರೆ ಪೇಟೆಯಲ್ಲೆಲ್ಲ ಆಯಿಯ ಮಾತು ಹಬ್ಬಿತ್ತು. ಅವರನ್ನು ಮನೆಗೆ ಕರೆಯುವವರೇ ಇಲ್ಲವಾದರು. ಯಲ್ಲಾಪುರಕ್ಕೆ ವರ್ಗವಾಗಿ ಹೋದವರು ಅಲ್ಲೇ ತೀರಿಕೊಂಡರು.

ಸುದ್ದಿ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಗಟ್ಟಿಮುಟ್ಟಾಗಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. "ಪಾಪ" ಅಂದಳು ಆಯಿ, "ಆದ್ರೂ ಸರಿ ಕುದಿಸಲೆ ಅಂವಂಗೆ ಸೋಮಾರಿತನ ಇತ್ತು, ಅಲ್ದನೇ?"

ಆಗ ಹೇಳಿದ್ದರೆ ಯಾರೂ ನನ್ನನ್ನು ಕೊಲ್ಲುತ್ತಿರಲಿಲ್ಲ. ಆದರೂ ಹೆದರಿದೆ. ಹೂಂ ಅಂದೆ.