ಸೇತುವೆಯ ಕೆಳಗೆ ನಾಲ್ಕಕ್ಕೆ ಹೊತ್ತುವ ಒಲೆ

ಬೆಳಗಿನ ನಾಲ್ಕು ಗಂಟೆ. ಶೂಜಿಂಗ್ ಪೇಟೆಯ ಕಾಲುವೆಯ ಮೇಲೆ ಇನ್ನೂ ಕತ್ತಲು. ಕಲ್ಲುಸೇತುವೆಯ ಕಮಾನಿನ ಕೆಳಗೆ ಲು ಗ್ವೇಜೆನ್ ಎಂಬ ಹಿರಿಯ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು, ಸಣ್ಣದೊಂದು ಕಬ್ಬಿಣದ ಒಲೆಗೆ ಬೀಸಣಿಗೆ ಬೀಸುತ್ತಿದ್ದಾರೆ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿದೆ, ಬಾಯಲ್ಲಿ ಬೈಗುಳ ಬರುತ್ತಿದೆ. ಬೈಗುಳ ಒಲೆಗಲ್ಲ. ಎದುರು ದಡದಲ್ಲಿ ಹೊಸ ಬಣ್ಣ ಬಳಿಸಿಕೊಂಡು, ಹಿತ್ತಾಳೆ ಬೀಗ ಹಾಕಿಸಿಕೊಂಡು ನಿಂತಿರುವ ಚಹಾಮನೆಗೆ.

"ಅಲ್ಲಿ ಒಳಗೆ ಏಳು ಬಾಯಿ ಒಲೆ ತಣ್ಣಗೆ ಬಿದ್ದಿದೆ. ನಾನು ಇಲ್ಲಿ ಚಳೀಲಿ ಈ ಡಬ್ಬಾ ಊದ್ತಾ ಕೂತಿದೀನಿ. ಇದನ್ನೂ ಬರ್ಕೊ, ಬಿಡಬೇಡ" ಎನ್ನುತ್ತಾರೆ ನನಗೆ.

ಸೇತುವೆಯ ಮೆಟ್ಟಿಲುಗಳ ಮೇಲೆ ಮುದುಕರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಯಾರೂ ನಮಸ್ಕಾರ ಹೇಳುವುದಿಲ್ಲ. ಕೆಮ್ಮುತ್ತಾರೆ, ಕೋಟಿನೊಳಗಿಂದ ಚಹಾ ಎಲೆ ಹಾಕಿದ ಗಾಜಿನ ಜಾಡಿ ತೆಗೆದು ಮುಂದೆ ಚಾಚುತ್ತಾರೆ. ಗ್ವೇಜೆನ್ ಯಾರನ್ನೂ ಏನೂ ಕೇಳದೆ ಬಿಸಿನೀರು ಸುರಿಯುತ್ತಾರೆ. ದೋಣಿ ನಡೆಸುತ್ತಿದ್ದ ಚಿಯು ಫುಗೆನ್ ಹಂದಿಮಾಂಸದ ಬೆಲೆಯ ಬಗ್ಗೆ ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಜಗಳವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.

ಈ ಮುದುಕರಿಗೆ ಇದು ಇಂದು ನಿನ್ನೆಯ ರೂಢಿಯಲ್ಲ. ಕತ್ತಲಲ್ಲೇ ಎದ್ದು ಚಹಾಮನೆಗೆ ಬರುವುದು, ತಮ್ಮ ತಮ್ಮ ಬೆಂಚಿನಲ್ಲೇ ಕೂರುವುದು, ಕುಡಿಯುವುದು, ಕಿತ್ತಾಡುವುದು, ಬೆಳಕಾದ ಮೇಲೆ ಸಂತೆಗೆ ಹೋಗಿ ಸೊಪ್ಪು ಹಿಡಿದು ಮನೆ ಸೇರುವುದು. ಗ್ವೇಜೆನ್ ಮದುವೆಯಾಗಿ ಬಂದಾಗ ಚಹಾಮನೆಯ ಒಲೆ ಅತ್ತೆಯ ಕೈಯಲ್ಲಿತ್ತು. ಅತ್ತೆ ಹಾಸಿಗೆ ಹಿಡಿದ ಮೇಲೆ ಇವರ ಕೈಗೆ ಬಂತು. ಗಂಡ ತೀರಿಕೊಂಡ ಮಾರನೆಯ ಬೆಳಿಗ್ಗೆಯೂ ಒಲೆ ಹೊತ್ತಿದೆ. "ಮನೇಲಿ ಕೂತಿದ್ರೆ ಹುಚ್ಚು ಹಿಡೀತಿತ್ತು. ಇವರಿಗೆ ನೀರು ಬೇಕಿತ್ತು, ನಂಗೆ ಕೆಲಸ ಬೇಕಿತ್ತು" ಎನ್ನುತ್ತಾರೆ.

ಕಳೆದ ವರ್ಷ ಚಹಾಮನೆಯನ್ನು ಪ್ರವಾಸೋದ್ಯಮ ಕಂಪನಿಯೊಂದು ಗುತ್ತಿಗೆಗೆ ಹಿಡಿಯಿತು. ಈಗ ಬಾಗಿಲ ಪಕ್ಕದಲ್ಲಿ ದೊಡ್ಡದೊಂದು ಮರದ ಫಲಕವಿದೆ: 'ಸುಖಜೀವನಕ್ಕೆ ಹತ್ತು ಅಭ್ಯಾಸಗಳು'. ಮೊದಲನೆಯದು, ಸೂರ್ಯನಿಗಿಂತ ಮೊದಲು ಏಳಿ. ಮೂರನೆಯದು, ದಿನವೂ ಅದೇ ಗೆಳೆಯರೊಡನೆ ಕೂತು ಚಹಾ ಕುಡಿಯಿರಿ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ: ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಶಹರದವರು ದುಡ್ಡು ಕೊಟ್ಟು ಬಂದು ಇಲ್ಲಿ ನಿಧಾನವಾಗಿ ಬದುಕುವುದನ್ನು ಕಲಿಯುತ್ತಾರಂತೆ. ಹಾಗೆ ಬದುಕುತ್ತಿದ್ದವರನ್ನು ಹೊರಗೆ ಹಾಕಿ, ಅವರ ಬದುಕನ್ನೇ ಒಳಗೆ ಪಾಠ ಮಾಡುವುದಕ್ಕೆ ಎಂಥ ಭಂಡತನ ಬೇಕು?

ಗ್ವೇಜೆನ್‌ಗೆ ನೀಲಿ ರವಿಕೆ, ತಲೆವಸ್ತ್ರ ಕೊಟ್ಟು ಒಂಬತ್ತಕ್ಕೆ ಬಂದು ಒಲೆಯ ಪಕ್ಕ ನಿಲ್ಲಲು ಹೇಳಿದರು. "ಒಲೇಲಿ ಬೆಂಕಿನೇ ಇಲ್ಲ. ಹಿಂದೆ ಹೊಗೆ ಬಿಡೋ ಯಂತ್ರ ಇಟ್ಟಿದಾರೆ. ನಾನೇನು ಗೊಂಬೆನಾ? ಆ ಬಟ್ಟೆ ಅಲ್ಲೇ ಎಸೆದು ಬಂದೆ."

ಉದ್ಘಾಟನೆಗೆ ಮುದುಕರನ್ನೂ ಕರೆದಿದ್ದರು. ಒಂಬತ್ತಕ್ಕೆ ಹುಕ್ಕಾಕೊಳವೆ ಹಿಡಿದು ಬೆಂಚಿನ ಮೇಲೆ ಕೂತರೆ ಒಂದು ಬಟ್ಟಲು ಕುರಿಮಾಂಸದ ನೂಡಲ್ಸ್ ಎಂದರು. ಅಧಿಕಾರಿಗಳು ಬಂದರು, ಕ್ಯಾಮೆರಾಗಳು ಬಂದವು, ಬೆಂಚುಗಳು ಮಾತ್ರ ಖಾಲಿ. ಕೊನೆಗೆ ಕಂಪನಿಯ ಗುಮಾಸ್ತರಿಗೇ ಹುಲ್ಲಿನ ಟೋಪಿ ಹಾಕಿ ಕೂರಿಸಿದರು. "ಒಂಬತ್ತು ಅಂದ್ರೆ ನಂಗೆ ಅರ್ಧ ದಿನ ಮುಗಿದಿರತ್ತೆ ಕಣಪ್ಪಾ. ಆ ಹೊತ್ನಲ್ಲಿ ಅವರೆ ಸುಲೀತಿರ್ತೀನಿ, ಇಲ್ಲಾ ಹೆಂಡ್ತಿ ಹತ್ರ ಬೈಸ್ಕೋತಿರ್ತೀನಿ" ಎಂದು ಚಿಯು ನಗುತ್ತಾರೆ. ಅಂದು ಪೇಟೆಯೆಲ್ಲ ನಕ್ಕಿತ್ತು.

ಆ ನಗು ಒಂದು ವಾರವೂ ಉಳಿಯಲಿಲ್ಲ. ಬುಟ್ಟಿ ಹೆಣೆಯುವ ಷಿ ತಾತ ಬೆಳಗಿನ ಜಾವ ಎದ್ದವರು, ಹೋಗಲು ಜಾಗವಿಲ್ಲದೆ ಅಡುಗೆಮನೆಯಲ್ಲೇ ನೀರು ಕಾಯಿಸಲು ಹೋಗಿ ಜಾರಿ ಬಿದ್ದರು. ಪಕ್ಕದ ಮನೆಯಾಕೆ ಮಧ್ಯಾಹ್ನ ಸೋಯಾಸಾಸ್ ಕೇಳಲು ಬಂದಾಗಲೇ ಗೊತ್ತಾದದ್ದು. ಸೊಂಟದ ಮೂಳೆ ಮುರಿದಿದೆ, ಥಂಡಿ ಎದೆಗೆ ಇಳಿದಿದೆ. ಇನ್ನೂ ಆಸ್ಪತ್ರೆಯಲ್ಲಿದ್ದಾರೆ.

ಇದನ್ನು ಹೇಳುವಾಗ ಗ್ವೇಜೆನ್ ಬೀಸಣಿಗೆ ನಿಲ್ಲಿಸುತ್ತಾರೆ. "ಬೆಂಚು ಖಾಲಿ ಇದ್ರೆ ನಂಗೆ ಕೂಡ್ಲೇ ಕಾಣತ್ತೆ. ಚಹಾ ತಣ್ಣಗಾಗೋದ್ರೊಳಗೆ ಹೋಗಿ ಬಾಗಿಲು ತಟ್ತಿದ್ದೆ. ಅವತ್ತು ಖಾಲಿ ಅಂತ ನೋಡೋಕೆ ಬೆಂಚೇ ಇರ್ಲಿಲ್ಲ. ಮಧ್ಯಾಹ್ನದವರೆಗೆ ನೆಲದ ಮೇಲೆ ಬಿದ್ದಿದ್ದ ಮನುಷ್ಯ. ಇದಕ್ಕೆ ಯಾರ್ ಜವಾಬು ಕೊಡ್ತಾರೆ?" ಮಾರನೆಯ ಬೆಳಿಗ್ಗೆಯೇ ಅವರು ಮನೆಯ ಒಲೆಯನ್ನು ಹೊತ್ತು ಸೇತುವೆಯ ಕೆಳಗೆ ಬಂದರು.

ನಾವು ಮಾತಾಡುತ್ತಿರುವಾಗ ಕಂಪನಿಯ ಮ್ಯಾನೇಜರ್ ತಾಂಗ್ ಮೆಟ್ಟಿಲಿಳಿದು ಬರುತ್ತಾರೆ. ಕಣ್ಣಲ್ಲಿ ನಿದ್ದೆ, ಕಾಲಲ್ಲಿ ಮನೆಯ ಚಪ್ಪಲಿ. ಪ್ರಾಂತ್ಯದ ಸರ್ಕಾರದಿಂದ ದೊಡ್ಡ ಅಧಿಕಾರಿಗಳು ಬರುತ್ತಾರಂತೆ, ಮುದುಕರಿಲ್ಲದ ಚಹಾಮನೆ ನೋಡಿದರೆ ಇವರ ನೌಕರಿಗೇ ಸಂಚಕಾರ.

"ಚಿಕ್ಕಮ್ಮ, ಒಂದೇ ಒಂದಿನ. ಒಂಬತ್ತಕ್ಕೆ ಎಲ್ರನ್ನೂ ಕರ್ಕೊಂಡು ಬನ್ನಿ."

"ಬೀಗದ ಕೈ ಕೊಡು. ನಾಲ್ಕಕ್ಕೆ ಬಾಗಿಲು ತೆಗೀತೀನಿ. ಒಂಬತ್ತಕ್ಕೆ ನಿಮ್ಮ ಅಂಗಡಿ ನೀವು ಇಟ್ಕೊಳ್ಳಿ."

"ಅಷ್ಟು ಬೇಗ ಸಿಬ್ಬಂದಿ ಇರಲ್ಲ, ಚಿಕ್ಕಮ್ಮ. ನಿಯಮ ಇದೆ."

"ಸಿಬ್ಬಂದಿ ಅಂದ್ರೆ ಯಾರಪ್ಪಾ? ಇಷ್ಟು ವರ್ಷ ಅಲ್ಲಿ ದೆವ್ವ ಬಂದು ನೀರು ಕಾಯಿಸ್ತಿತ್ತಾ?"

ತಾಂಗ್ ಮತ್ತೇನೋ ಹೇಳಲು ಹೊರಟಿದ್ದಾರೆ. ಗ್ವೇಜೆನ್ ಕೇಳಿಸಿಕೊಳ್ಳುತ್ತಿಲ್ಲ. ಅವರ ಕಣ್ಣು ಮೆಟ್ಟಿಲುಗಳ ಮೇಲೆ ಒಂದು ಸುತ್ತು ಹಾಕಿ ನಿಲ್ಲುತ್ತದೆ. "ಮಾ ಎಲ್ಲಿ?" ಮಾ, ಹಿಂದೆ ಕ್ಷೌರದಂಗಡಿ ಇಟ್ಟುಕೊಂಡಿದ್ದವರು. ಯಾರೂ ನೋಡಿಲ್ಲ. ಗ್ವೇಜೆನ್ ಕುದಿಯುವ ಕೆಟಲನ್ನು ಮ್ಯಾನೇಜರ್ ಕೈಗೆ ತುರುಕಿ, ಬೀಸುಹೆಜ್ಜೆ ಹಾಕಿ ಕತ್ತಲಲ್ಲಿ ಮರೆಯಾಗುತ್ತಾರೆ.

ತಾಂಗ್ ಕೆಟಲ್ ಹಿಡಿದು ನಿಂತೇ ಇದ್ದಾರೆ. ಚಿಯು ಜಾಡಿ ಚಾಚುತ್ತಾರೆ. "ಏನ್ ನೋಡ್ತೀಯ, ಸುರಿ." ಮ್ಯಾನೇಜರ್ ಸುರಿಯುತ್ತಾರೆ. ಇನ್ನೊಂದು ಜಾಡಿ ಬರುತ್ತದೆ, ಮತ್ತೊಂದು ಬರುತ್ತದೆ. ಹಂದಿಮಾಂಸದ ಜಗಳ ನಿಂತಿದೆ. ಎಲ್ಲರೂ ಗ್ವೇಜೆನ್ ಹೋದ ಓಣಿಯನ್ನೇ ನೋಡುತ್ತಿದ್ದಾರೆ. ತಾಂಗ್ ಕೂಡ.

ಬಹಳ ಹೊತ್ತಿನ ಮೇಲೆ ಓಣಿಯಲ್ಲಿ ಬೈಗುಳ ಕೇಳಿಸುತ್ತದೆ. ಹಿಂದೆಯೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಮಾ ಬರುತ್ತಿದ್ದಾರೆ. "ಸತ್ತಿಲ್ಲ ಇವ್ನು. ಗೊರಕೆ ಹೊಡೀತಿದ್ದ" ಎನ್ನುತ್ತಾ ಗ್ವೇಜೆನ್ ಮ್ಯಾನೇಜರ್ ಕೈಯಿಂದ ಕೆಟಲ್ ಕಿತ್ತುಕೊಂಡು ಮಾ ಅವರ ಜಾಡಿಗೆ ನೀರು ಹಾಕುತ್ತಾರೆ.

ತಾಂಗ್ ಅವರ ಕೈ ಜೇಬಿನತ್ತ ಹೋಗುತ್ತದೆ. ಒಳಗೆ ಬೀಗದ ಕೈ ಸದ್ದು ಮಾಡುತ್ತದೆ. ಕೈ ಬರಿದಾಗಿಯೇ ಹೊರಗೆ ಬರುತ್ತದೆ. "ಮೇಲಿನವರನ್ನ ಕೇಳ್ಬೇಕು, ಚಿಕ್ಕಮ್ಮ."

"ಕೇಳು" ಎನ್ನುತ್ತಾರೆ ಗ್ವೇಜೆನ್, ಅವರ ಕಡೆ ತಿರುಗಿಯೂ ನೋಡದೆ. "ಉತ್ತರ ಬಂದ್ಮೇಲೆ ಇಲ್ಲಿಗೇ ಬಾ. ಒಂಬತ್ತಕ್ಕೆ ಮಾತ್ರ ಬರ್ಬೇಡ. ಆ ಹೊತ್ತಿಗೆ ಇಲ್ಲಿ ಯಾರೂ ಇರಲ್ಲ."