ಬಣ್ಣದ ಕೆಳಗಿನ ಬೋಲ್ಟ್

ಆ ಬೋಲ್ಟ್ ಬಿಚ್ಚಿದವನು ನಾನು. ಮಿಲಿಂದನಲ್ಲ.

ಮೂರು ವರ್ಷದಿಂದ ಹೇಳಬೇಕಾಗಿದ್ದ ಮಾತು ಇಷ್ಟೇ. ಇಷ್ಟನ್ನು ಬರೆಯಲು ಕೂತಾಗಲೆಲ್ಲ ವಿಮಾನದ ವರ್ಣನೆಯಿಂದ ಶುರು ಮಾಡಿ, ಬೋಲ್ಟಿನ ತನಕ ಬರುವ ಮೊದಲೇ ಪುಟ ಹರಿದಿದ್ದೇನೆ. ಅದಕ್ಕೆ ಈ ಸಲ ಬೋಲ್ಟ್ ಮೊದಲು.

ಹೌದು, ವಿಮಾನ. ನನ್ನ ಕಾಕಾ ಬಾಳಾಸಾಹೇಬರು ಪಾಲಬಾವಿಯ ಕಡೆ ದ್ರಾಕ್ಷಿ ಬೆಳೆಯುವವರು. ಐವತ್ತು ದಾಟಿದ ಮೇಲೆ ಅವರಿಗೆ ಹಾರುವ ಹುಚ್ಚು ಹತ್ತಿತು. ಬಿಡಿ ಭಾಗಗಳನ್ನು ತರಿಸಿ, ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ಎರಡು ಸೀಟಿನ ಸಣ್ಣ ವಿಮಾನ ಕಟ್ಟಿದರು. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ಲೆಕ್ಕ, ನಕ್ಷೆ, ಉಪದೇಶ ನನ್ನವು. ವೈರಿಂಗ್ ಮಾತ್ರ ಮಿಲಿಂದನದು. ಅವನು ಅದೇ ಊರಿನ ವೈರ್‌ಮನ್. ಸುತ್ತಲಿನ ಬಾವಿ ಪಂಪುಗಳೆಲ್ಲ ಅವನ ಕೈಯಲ್ಲಿ ಓಡುತ್ತಿದ್ದವು. ಒಂದು ವರ್ಷ, ಕೆಲಸ ಮುಗಿಸಿ ದಿನಾ ಸಂಜೆ ಬಂದು, ಒಂದೊಂದು ತಂತಿಗೂ ಚೀಟಿ ಕಟ್ಟಿ ಜೋಡಿಸಿದ. ಕಾಕಾ ಎಲ್ಲರೆದುರು ಹೇಳಿದ್ದರು: "ಮೊದಲ್ನೇ ಸಲ ನಾ ಹಾರತೇನಿ. ಎರಡ್ನೇ ಸಲ ಬಾಜೂ ಸೀಟ್ ಮಿಲಿಂದಂದು."

ಮಿಲಿಂದ ನಕ್ಕಿದ್ದ. "ನಮ್ಮವ್ವಗ ಹೇಳಬ್ಯಾಡ್ರಿ ಸಾವ್ಕಾರ್ರ, ಈಗಿಂದs ಉಪಾಸ ಹಿಡೀತಾಳ."

ಆಮೇಲೆ ಖಂಡೆ ಪೂಜೆ, ಅಂದರೆ ದಸರೆಯ ಆಯುಧ ಪೂಜೆ ಬಂತು. ನಮ್ಮ ಕಡೆ ಹಬ್ಬದ ಮುಂದೆ ಕೂರಿಗೆಯಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ಆಯಿಲ್ ಪೇಂಟ್ ಬಳಿದು ಪೂಜೆಗೆ ನಿಲ್ಲಿಸುತ್ತೇವೆ. ವಿಮಾನವನ್ನು ಬಿಟ್ಟೇವೆಯೇ? ದಸರೆಗೆ ಮಿಲಿಂದನ ಮನೆಯವರು ನಾಗಪುರಕ್ಕೆ ಹೋಗುತ್ತಾರೆ, ದೀಕ್ಷಾಭೂಮಿಗೆ. ಅವನು ಊರಲ್ಲಿರಲಿಲ್ಲ. ಕಾಕಾ ನನ್ನ ಕೈಗೆ ಬ್ರಶ್ ಕೊಟ್ಟರು. ಮೀಟರುಗಳ ಫಲಕದ ಹಿಂದೆ, ಚೌಕಟ್ಟಿನ ಕೊಳವೆಯ ಮೇಲೆ, ಎಲ್ಲ ಕಪ್ಪು ತಂತಿಗಳೂ ಬಂದು ಕೂಡುವ ಒಂದು ಬೋಲ್ಟ್ ಇತ್ತು — ಅರ್ಥಿಂಗ್. ಅದರ ಸುತ್ತ ಬ್ರಶ್ ಆಡಿಸುವುದು ಕಷ್ಟವಾಯಿತು. ಬಿಚ್ಚಿದೆ, ಬಳಿದೆ, ಒಣಗಿದ ಮೇಲೆ ತಂತಿಗಳನ್ನು ಬಣ್ಣದ ಮೇಲೆಯೇ ಇಟ್ಟು ಬಿಗಿದೆ. ಆ ಜಾಗವನ್ನು ಮಿಲಿಂದ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ್ದನ್ನು ನೋಡಿದ್ದೆ. ಬಣ್ಣದ ಮೂಲಕ ವಿದ್ಯುತ್ ಹರಿಯುವುದಿಲ್ಲ ಎಂಬುದನ್ನು ಅದೇ ವಾರ ಬಿ.ಎಸ್ಸಿ. ಮಕ್ಕಳಿಗೆ ಹೇಳಿದ್ದೆನೋ ಏನೋ — ಇದ್ದರೂ ಇರಬಹುದು.

ಹಬ್ಬದ ಮರುವಾರ ಎಂಜಿನ್ ಶುರು ಮಾಡಿದೆವು. ಮೀಟರುಗಳೆಲ್ಲ ಒಟ್ಟಿಗೆ ಕುಣಿದವು.

ಈ ತೊಂದರೆಯ ಬಗ್ಗೆ ಬರೆಯುವಾಗ ಈಗಲೂ ಹಲ್ಲು ಕಚ್ಚುತ್ತೇನೆ. ಎಂಜಿನ್ ಆರಿಸಿದರೆ ಎಲ್ಲ ಸರಿ. ಶುರು ಮಾಡಿದರೆ ಹತ್ತು ನಿಮಿಷ ಸರಿ, ಹನ್ನೊಂದನೇ ನಿಮಿಷಕ್ಕೆ ಪೆಟ್ರೋಲಿನ ಮುಳ್ಳು ಮಲಗುತ್ತದೆ. ದೀಪ ಹಾಕಿದರೆ ಉಷ್ಣತೆ ಏರುತ್ತದೆ, ರೇಡಿಯೋ ಒತ್ತಿದರೆ ವೋಲ್ಟೇಜು ಇಳಿಯುತ್ತದೆ. ಬಗ್ಗಿ ನೋಡಲು ಹೋದರೆ, ಮೊಣಕೈ ತಾಗಿದ್ದಕ್ಕೋ ಏನೋ, ಎಲ್ಲ ನೆಟ್ಟಗಾಗಿ ನಮ್ಮನ್ನೇ ನೋಡಿ ನಗುತ್ತದೆ. ಬ್ಯಾಟರಿ ಬದಲಿಸಿದೆವು. ಚಾರ್ಜಿಂಗ್ ರೆಗ್ಯುಲೇಟರ್ ಬದಲಿಸಿದೆವು. ಸ್ವಿಚ್ಚುಗಳನ್ನು ಬದಲಿಸಿ, ಹಳೆಯವೇ ಚೆನ್ನಾಗಿದ್ದವೆಂದು ಮತ್ತೆ ಹಾಕಿದೆವು. ವಾಸಿಯಾಯಿತೆಂದು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಅದೇ.

"ಹೆಂಡ್ತಿ ಸಿಟ್ಟಾದ್ರ ಎರಡ ದಿನಕ್ಕರ ಕಾರಣ ತಿಳೀತೈತಿ," ಎಂದರು ಕಾಕಾ. "ಇದರ ಸಿಟ್ಟ ಯಾರಿಗೆ ತಿಳೀಬೇಕ? ಮಾಸ್ತರ, ನಿನ್ನ ಎಂ.ಎಸ್ಸಿ. ಕಾಗದ ನಿಪ್ಪಾಣಿಗೆ ಕೊಟ್ಟ ಬಿಡು, ಬೀಡಿ ಕಟ್ಟಾಕರ ಬರ್ತೈತಿ."

ಮಿಲಿಂದ ನಗಲಿಲ್ಲ. ನಾಗಪುರದಿಂದ ಬಂದ ಮೊದಲ ದಿನವೇ ಅವನು ಸರಿಯಾದ ದಾರಿ ಹಿಡಿದಿದ್ದ. "ಸರ್, ಎಲ್ಲಾ ಗೇಜ್ ಕೂಡೇ ಕುಣಿಯಾಕತ್ತಾವಂದ್ರ ಒಂದೊಂದ ಹಿಡದ ನೋಡೂದು ಬ್ಯಾಡ್ರಿ. ಎಲ್ಲಾ ಕೂಡೂದು ಒಂದs ಜಾಗಾ. ಹಬ್ಬದಾಗ ಅರ್ಥಿಂಗ್ ಯಾರರ ಬಿಚ್ಚಿದ್ರೇನ್ರಿ?"

ಕಾಕಾ ಪಕ್ಕದಲ್ಲೇ ನಿಂತಿದ್ದರು.

"ಇಲ್ಲೋ," ಎಂದೆ. "ಅರ್ಥಿಂಗ್ ನಾ ನೋಡೇನಿ. ಸರಿ ಐತಿ."

"ಹಂಗಾರ ಅದ ಮುಗೀತ ಬಿಡ್ರಿ."

ಅವನು ಆ ಬೋಲ್ಟನ್ನು ಮತ್ತೆ ಮುಟ್ಟಲಿಲ್ಲ. ನಾನು ನೋಡಿದ್ದೇನೆ ಎಂದ ಮೇಲೆ ಮತ್ತೆ ನೋಡುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು. ಉಳಿದದ್ದನ್ನೆಲ್ಲ ಬಿಚ್ಚಿದ. ಒಂದು ವರ್ಷದ ಕೆಲಸವನ್ನು ತಾನೇ ಎರಡು ಸಲ ಬಿಚ್ಚಿ ಕಟ್ಟಿದ.

ಆಗ ನನಗೆ ಬಣ್ಣ ಬಳಿದದ್ದು ಮರೆತಿತ್ತೇ? ಮರೆತಿತ್ತು ಎಂದೇ ನಂಬಿಕೊಂಡಿದ್ದೆ. ಅಷ್ಟೇ ಅಲ್ಲ — ತೊಂದರೆ ಹಬ್ಬಕ್ಕಿಂತ ಮೊದಲೇ ಶುರುವಾಗಿತ್ತು ಎಂಬ ನೆನಪು ಕೂಡ ಇತ್ತು, ಸ್ಪಷ್ಟವಾಗಿ, ಚಿತ್ರದ ಹಾಗೆ. ನೆನಪು ಎಂಥ ಆಜ್ಞಾಧಾರಕ ಆಳು. ಬೇಕಾದ್ದನ್ನು ಬೇಕಾದಲ್ಲಿ ತಂದಿಡುತ್ತದೆ. ಹೋದ ವಾರ ಕಾಕಾ, "ಈ ಸಲ ಹಬ್ಬಕ್ಕೂ ನೀನs ಬಣ್ಣಾ ಹಚ್ಚು," ಎಂದಾಗ ಆವತ್ತಿನ ಬಣ್ಣ ಯಾವುದೆಂದು ನೋಡಲು ಹಳೆಯ ಡೈರಿ ತೆಗೆದೆ. ಹಬ್ಬದ ಮುನ್ನಾದಿನ: "ಎಂಜಿನ್ ಚೆನ್ನಾಗಿ ಓಡಿತು. ಮೀಟರುಗಳೆಲ್ಲ ಸ್ಥಿರ. ಬೋಲ್ಟ್ ಬಿಚ್ಚಿ ನೀಲಿ ಬಳಿದೆ." ಮುಂದಿನ ವಾರ: "ಮಿಲಿಂದ ಅರ್ಥಿಂಗ್ ಯಾರಾದರೂ ಬಿಚ್ಚಿದಿರಾ ಎಂದ. ಇಲ್ಲವೆಂದೆ. ಅದರಿಂದ ಇರಲಾರದು."

ಅದರಿಂದ ಇರಲಾರದು — ಯಾವುದರಿಂದ? ಮರೆತವನು ಈ ಸಾಲು ಬರೆಯುವುದಿಲ್ಲ. ನನಗೆ ನೆನಪಿತ್ತು. ಕಾಕಾನ ಎದುರು, ಎಂ.ಎಸ್ಸಿ. ಮಾಡಿದವನು ಬಣ್ಣದ ಮೇಲೆ ತಂತಿ ಬಿಗಿದೆ ಎನ್ನಲು ನಾಚಿಕೆಯಾಯಿತು. ಸಂಜೆ ಒಬ್ಬನೇ ಸರಿಮಾಡಿದರಾಯಿತು ಎಂದುಕೊಂಡಿರಬೇಕು — ಅಂದುಕೊಂಡೆನೇ? ಇದು ಈಗ ಹೊಳೆದದ್ದೂ ಇರಬಹುದು. ಮಾಡಲಿಲ್ಲ ಎಂಬುದಷ್ಟೇ ಖಾತ್ರಿ.

ಎರಡು ತಿಂಗಳಾದ ಮೇಲೆ ಕಾಕಾ ವಿಮಾನವನ್ನು ನೆಲದ ಮೇಲೆ ಓಡಿಸುತ್ತಿದ್ದಾಗ ಮೀಟರುಗಳೂ ರೇಡಿಯೋವೂ ಒಮ್ಮೆಲೇ ಸತ್ತವು. ಅವರು ಇಳಿದು ಬಂದು ಟೊಪ್ಪಿಗೆ ನೆಲಕ್ಕೆ ಎಸೆದರು. "ಪಂಪಿನ ವೈರ್ ಎಳಿಯಾಂವನ ಕೈಯಾಗ ವಿಮಾನ ಕೊಟ್ಟೆ. ಮ್ಯಾಲ ಇದ್ದಾಗ ಹಿಂಗಾಗಿದ್ರ?"

ಮಿಲಿಂದ ನನ್ನತ್ತ ನೋಡಿದ. ನಾನೊಂದು ಮಾತು ಆಡುತ್ತೇನೆ ಎಂದು ನೋಡಿದ, ತಪ್ಪು ನನ್ನದೆಂಬ ಅನುಮಾನದಿಂದಲ್ಲ. ನಾನು ಸ್ಪ್ಯಾನರ್ ಒರೆಸುತ್ತಿದ್ದೆ. ಅವನು ಶೆಡ್ಡಿನ ಕೀಲಿಕೈಯನ್ನು ಸೀಟಿನ ಮೇಲಿಟ್ಟು, "ಬರ್ತೇನ್ರಿ," ಎಂದು ಹೋದ.

ಎಂಟು ದಿನದೊಳಗೆ, ಕಾಕಾ ಊಟಕ್ಕೆ ಹೋದ ಮಧ್ಯಾಹ್ನ, ನಾನು ಫಲಕ ತೆಗೆದು ಬೋಲ್ಟ್ ಬಿಚ್ಚಿದೆ. ಪಾಲಿಶ್ ಪೇಪರಿನಿಂದ ಬಣ್ಣ ಉಜ್ಜಿದೆ. ಹದಿನೈದು ನಿಮಿಷದ ಕೆಲಸ. ಕೆಳಗೆ ಬಿದ್ದ ನೀಲಿ ಪುಡಿಯನ್ನು ಊದಿ ಹಾರಿಸಿದೆ. ಎಂಜಿನ್ ಶುರು ಮಾಡಿ ಅರ್ಧ ತಾಸು ಓಡಿಸಿದರೂ ಒಂದು ಮುಳ್ಳೂ ಅಲುಗಲಿಲ್ಲ.

ಕಾಕಾ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ಎಲ್ಲಿತ್ತಲೇ?"

"ಅರ್ಥಿಂಗ್ ಬೋಲ್ಟ್ ಸರಿ ಕೂತಿರ್ಲಿಲ್ಲ."

"ಅದನ್ನ ಕೂಡ್ಸಿದಾಂವ ಯಾರ?"

"ವೈರಿಂಗ್ ಎಲ್ಲಾ ಅವಂದs ಅಲ್ಲೇನ್ರಿ?"

ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಎಷ್ಟು ಜೋಪಾನವಾಗಿ ಆರಿಸಿದ್ದೆ. ನಮ್ಮ ಮನೆಯಲ್ಲಿ ಅದನ್ನು ನಂಬಲು ಯಾರಿಗೂ ಪುರಾವೆ ಬೇಕಾಗಲಿಲ್ಲ. ಮಿಲಿಂದನ ಮನೆ ಯಾವ ಓಣಿಯಲ್ಲಿದೆ ಎಂಬುದೇ ಅರ್ಧ ಪುರಾವೆಯಾಗಿತ್ತು. ನಾನು ಅಂಥದ್ದನ್ನೆಲ್ಲ ಮೀರಿದವನೆಂದು ಡೈರಿಯಲ್ಲಿ ಎಷ್ಟೋ ಕಡೆ ಬರೆದಿದ್ದೇನೆ. ಬೇಕಾದಾಗ ಅದರ ಮರೆಯಲ್ಲೇ ನಿಂತೆ.

ಅನುಮತಿ ಬಂದು ವಿಮಾನ ಎರಡನೇ ಸಲ ಹಾರಿದಾಗ ಪಕ್ಕದ ಸೀಟಿನಲ್ಲಿ ಕೂತವನು ನಾನು. ಕೆಳಗೆ ಕಬ್ಬು, ದ್ರಾಕ್ಷಿಯ ಸಾಲು, ಕೃಷ್ಣೆಯ ತಿರುವು — ಇವೆಲ್ಲ ಕಂಡಿರಬೇಕು. ನನಗೆ ನೆನಪಿರುವುದು ಒಂದೂ ಅಲುಗದ ಮುಳ್ಳುಗಳು ಮಾತ್ರ.

ಮಿಲಿಂದ ಈಗ ಕೊಲ್ಹಾಪುರದ ಕಡೆ ಒಂದು ಕಾರ್ಖಾನೆಯಲ್ಲಿದ್ದಾನೆ. ಡೈರಿ ತೆಗೆದ ಎರಡು ದಿನಕ್ಕೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಅವ್ವನ ಸುದ್ದಿ ಹೇಳಿದ, ನನ್ನ ಮಕ್ಕಳ ಬಗ್ಗೆ ಕೇಳಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಸರ್, ಆ ಫಾಲ್ಟ್ ಸಿಕ್ತೇನ್ರಿ? ನಾ ಇನ್ನೂ ಒಮ್ಮೊಮ್ಮೆ ಚಿತ್ರಾ ಬರದ ನೋಡ್ತೇನ್ರಿ. ಎಲ್ಲಿ ತಪ್ಪಿದ್ನೆಪಾ ಅಂತ."

ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. ಮೂರು ವರ್ಷ ಅವನು ಇಲ್ಲದ ತಪ್ಪನ್ನು ತನ್ನ ಕೆಲಸದಲ್ಲಿ ಹುಡುಕುತ್ತಿದ್ದ. ನಾನು ಏನೆಂದೆ? "ಬಸ್ ಬಂತು," ಎಂದೆ. ಬಸ್ ನಿಜವಾಗಿಯೂ ಬಂದಿತ್ತು. ಮತ್ತೊಂದು ನಿಜವಾದ ವಾಕ್ಯ.

ಮರುದಿನ ಶೆಡ್ಡಿಗೆ ಹೋಗಿ ಅವನು ಬಿಟ್ಟುಹೋದ ನೋಟ್‌ಬುಕ್ ಹುಡುಕಿದೆ. ಪರೀಕ್ಷಿಸಿದ ಪ್ರತಿಯೊಂದು ಭಾಗದ ಹೆಸರು, ಅದರ ಮುಂದೆ ಟಿಕ್, ಟಿಕ್ಕಿನ ಪಕ್ಕ ಅವನ ಸಣ್ಣ ಸಹಿ. ಒಂದೇ ಸಾಲಿನಲ್ಲಿ ಸಹಿ ಇಲ್ಲ, ಟಿಕ್ಕೂ ಇಲ್ಲ. ಅಲ್ಲಿ ಬರೆದಿದ್ದ: "ಅರ್ಥಿಂಗ್ — ಸರ್ ನೋಡ್ಯಾರ."

ಆ ಸಾಲಿನ ಕೆಳಗೆ ಬರೆದೆ: "ನೋಡಿರಲಿಲ್ಲ. ಬಿಚ್ಚಿ ಬಣ್ಣ ಬಳಿದವನು ನಾನೇ." ಸಹಿ ಹಾಕಿದೆ. ನಾಳೆ ಬೆಳಿಗ್ಗೆ ಅದನ್ನು ಕಾಕಾನ ಮುಂದೆ ಓದುತ್ತೇನೆ, ಏಕೆಂದರೆ ಮಿಲಿಂದನ ಹೆಸರು ಕೆಟ್ಟದ್ದು ಅವರ ಮುಂದೆಯೇ. ಮಧ್ಯಾಹ್ನದ ಕೊಲ್ಹಾಪುರ ಬಸ್ಸಿಗೆ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ. ಅದು ಅವನದು.